ಮನೆಯ ಮಾತು, ಶಾಲೆಯ ಮಾತು, ಕಚೇರಿಯ ಮಾತು

ಹಳಿಯಾಳ ತಾಲೂಕಿನ ತೇರಗಾಂವವು ನಕಾಶೆಯಲ್ಲಿ ಒಂದು ಚಿಕ್ಕ ಚುಕ್ಕೆಯಷ್ಟೇ. ಆದರೆ ಭಾಷೆಯ ಪ್ರಶ್ನೆಯನ್ನು ವಿಚಾರಿಸುವವರು ಆ ಊರಿನ ಹೆಸರನ್ನೇ ಮೊದಲು ಕಿವಿಗೊಟ್ಟು ಕೇಳಬೇಕು. ಅದರ ಪೂರ್ವಾರ್ಧದಲ್ಲಿ ಕನ್ನಡಿಗನ ಕಿವಿಗೆ ತೇರು ಕೇಳಿಸುವದು. ಉತ್ತರಾರ್ಧದ ‘ಗಾಂವ’ವು ಮರಾಠಿ ಕೊಂಕಣಿಗಳಲ್ಲಿ ಊರೆಂಬುದಕ್ಕೆ ಇರುವ ಮಾತು. ಹೆಸರಿನ ಮೂಲವನ್ನು ಪಂಡಿತರು ಹೇಗೆ ಬೇಕಾದರೂ ನಿರ್ಣಯಿಸಲಿ. ಆ ತಾಲೂಕಿನಲ್ಲಿ ತೇರಗಾಂವ, ಕೆಸರೊಳ್ಳಿ, ಮುರ್ಕವಾಡ, ಸಾಂಬ್ರಾಣಿಗಳು ಒಂದೇ ಕಂದಾಯದ ಪುಸ್ತಕದಲ್ಲಿ ಅಕ್ಕಪಕ್ಕದಲ್ಲಿ ಕುಳಿತಿರುವವು. ಊರುಗಳ ಹೆಸರುಗಳು ಇಷ್ಟು ಕಾಲ ಜಗಳವಿಲ್ಲದೆ ಕೂಡಿ ಬಾಳಿರುವಾಗ, ಅವುಗಳಲ್ಲಿ ವಾಸಿಸುವ ಜನರ ನುಡಿಗಳಿಗೆ ಮಾತ್ರ ಜಗಳವೇಕೆ ಬರಬೇಕೆಂಬುದೇ ನಮ್ಮ ಇಂದಿನ ವಿಚಾರ.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳು ಕನ್ನಡ ನಾಡಿನ ಭಾಷಾವೈವಿಧ್ಯದ ಒಂದು ಕಣಜವೆಂದರೆ ಅತಿಶಯೋಕ್ತಿಯಾಗದು. ಹಳಿಯಾಳದ ಎಷ್ಟೋ ಒಕ್ಕಲಿಗರ ಮನೆಯಲ್ಲಿ ಮರಾಠಿ. ಅವರೇ ಅಳ್ನಾವರ, ಧಾರವಾಡಗಳ ಪೇಟೆಗೆ ಹೋದರೆ ಬಾಯಿತುಂಬ ಕನ್ನಡ. ಜೋಯಿಡಾದ ಕಾಡಿನ ಕುಣಬಿಗಳದು ಕೊಂಕಣಿ; ಎಮ್ಮೆ ಸಾಕುವ ಗೌಳಿಗಳದು ಮರಾಠಿಯ ಒಂದು ಬಗೆ; ಮುಸಲ್ಮಾನರ ಮನೆಗಳಲ್ಲಿ ಉರ್ದು. 1955ರಲ್ಲಿ ಸ್ಥಾಪಿತವಾದ ಕಾಗದದ ಕಾರಖಾನೆಯು ದಾಂಡೇಲಿಗೆ ದೇಶದ ನಾನಾ ಮೂಲೆಗಳ ದುಡಿಯುವ ಕೈಗಳನ್ನೂ ಅವರ ನುಡಿಗಳನ್ನೂ ಕರೆತಂದಿತು. ಮುಂಡಗೋಡದಲ್ಲಿ 1966ರಿಂದ ನೆಲೆನಿಂತ ಟಿಬೆಟಿಯನ್ನರು ತಮ್ಮ ಮಠಗಳಲ್ಲಿ ತಮ್ಮ ನುಡಿಯಲ್ಲಿಯೇ ಶಾಸ್ತ್ರಾಧ್ಯಯನ ಮಾಡುತ್ತಿರುವರು.

ಇವರೆಲ್ಲರಲ್ಲಿ ಸಿದ್ದಿಗಳ ಕಥೆಯು ವಿಶೇಷ ವಿಚಾರಾರ್ಹವಾದುದು. ಪೋರ್ತುಗೀಜರು ಮೊದಲಾದವರು ಆಫ್ರಿಕಾ ಖಂಡದಿಂದ ಗುಲಾಮರನ್ನಾಗಿ ತಂದ ಜನರ ಸಂತತಿಯವರು ಇವರು. ಗೋವೆಯ ದಾಸ್ಯದಿಂದ ತಪ್ಪಿಸಿಕೊಂಡ ಅನೇಕರು ಈ ಕಾಡುಗಳನ್ನು ಸೇರಿದರು. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸಲ್ಮಾನರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 2020ರಲ್ಲಿ ಅವರಲ್ಲೊಬ್ಬರು ಮೊದಲನೆಯ ಸಲ ನಮ್ಮ ವಿಧಾನಪರಿಷತ್ತಿನ ಸದಸ್ಯರಾದರು. ಆದರೆ ಅವರ ಪೂರ್ವಜರು ಹಡಗಿನಲ್ಲಿ ತಂದ ನುಡಿಯು ಮಾತ್ರ ತಿರುಗಿ ಬರಲಿಲ್ಲ. ಡಮಾಮಿಯ ಬಡಿತವು ಉಳಿಯಿತು, ಮಾತು ಹೋಯಿತು. ಈಗ ಬಹುಮಂದಿ ಸಿದ್ದಿಗಳ ಮನೆಯ ಮಾತು ಮರಾಠಿ, ಕನ್ನಡಗಳ ಬೆರಕೆಯುಳ್ಳ ಒಂದು ಬಗೆಯ ಕೊಂಕಣಿ. ಒಂದು ಜನಾಂಗವು ತನ್ನ ನುಡಿಯನ್ನು ಕಳೆದುಕೊಂಡರೆ ಏನಾಗುವದೆಂಬುದಕ್ಕೆ ಸಾಕ್ಷಿಯನ್ನು ನಾವು ದೂರದಲ್ಲಿ ಹುಡುಕಬೇಕಾಗಿಲ್ಲ.

ಆದಾಗ್ಯೂ ಸಿದ್ದಿಗಳ ಮೂಲಖಂಡದ ಕಡೆಗೆ ಒಮ್ಮೆ ದೃಷ್ಟಿಯನ್ನು ಹೊರಳಿಸುವದು ನಮಗೆ ಹಿತಕರ. ಸಿದ್ದಿಗಳು ಬಂದುದು ಹೆಚ್ಚಾಗಿ ಆ ಖಂಡದ ಪೂರ್ವ ದಿಕ್ಕಿನಿಂದ. ನಾವಿಲ್ಲಿ ಹೇಳಹೊರಟಿರುವದು ಪಶ್ಚಿಮದ ನೈಜೀರಿಯಾ ದೇಶದ ಮಾತು. ಅಲ್ಲಿ 500ಕ್ಕೂ ಮಿಕ್ಕಿ ಭಾಷೆಗಳಿವೆ. ಉತ್ತರದಲ್ಲಿ ಹೌಸಾ, ನೈಋತ್ಯದಲ್ಲಿ ಯೊರುಬಾ, ಆಗ್ನೇಯದಲ್ಲಿ ಇಗ್ಬೋ, ಇವು ಮೂರು ದೊಡ್ಡವು. 1960ರಲ್ಲಿ ಬ್ರಿಟಿಷರು ಹೊರಟುಹೋದರು. ಅವರ ಭಾಷೆಯು ಹೊರಡಲಿಲ್ಲ. ಹೌಸಾ ಒಂದನ್ನೇ ಪೀಠಕ್ಕೇರಿಸಿದರೆ ಯೊರುಬರು ಒಪ್ಪರು, ಯೊರುಬಾ ಏರಿದರೆ ಇಗ್ಬೋ ಜನರು ಸುಮ್ಮನಿರರು. ಈ ಮೂರರಲ್ಲಿ ಯಾವುದು ಏರಿದರೂ ಸಣ್ಣ ನುಡಿಗಳವರಿಗೆ ಅಂಜಿಕೆ. ಇಬ್ಬರ ಜಗಳ ಮೂರನೆಯವನಿಗೆ ಲಾಭವೆಂಬಂತೆ ಇಂಗ್ಲಿಷೇ ಕಚೇರಿಯಲ್ಲಿ ಉಳಿಯಿತು. 1999ರ ಅವರ ಸಂವಿಧಾನದ 55ನೆಯ ಕಲಮು ವಾಚಕರಿಗೆ ಮೋಜೆನಿಸಬಹುದು. ರಾಷ್ಟ್ರಸಭೆಯ ಕೆಲಸವು ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ‘ತಕ್ಕ ವ್ಯವಸ್ಥೆಯಾದ ಮೇಲೆ’ ಹೌಸಾ, ಇಗ್ಬೋ, ಯೊರುಬಾಗಳಲ್ಲಿಯೂ ನಡೆಯತಕ್ಕದ್ದೆಂದು ಅದರ ಅರ್ಥ. ಸರಕಾರಿ ಕಾಗದಗಳ ಪರಿಚಯವುಳ್ಳ ನಮ್ಮ ವಾಚಕರಿಗೆ ‘ತಕ್ಕ ವ್ಯವಸ್ಥೆ’ ಎಂಬ ಮಾತಿನ ಆಯುಷ್ಯವೆಷ್ಟೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅದೇ ದೇಶವು ಜಗತ್ತಿಗೆ ಒಂದು ಒಳ್ಳೆಯ ಪಾಠವನ್ನೂ ಕಲಿಸಿರುವದು. 1970ರಲ್ಲಿ ಇಫೆಯ ವಿಶ್ವವಿದ್ಯಾಲಯದವರು ಪ್ರೊಫೆಸರ ಫಾಫುನ್ವಾ ಅವರ ನೇತೃತ್ವದಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದರು. ಪ್ರಾಥಮಿಕ ಶಾಲೆಯ ಆರೂ ವರುಷ ಯೊರುಬಾ ಮಕ್ಕಳಿಗೆ ಎಲ್ಲ ವಿಷಯಗಳನ್ನು ಯೊರುಬಾದಲ್ಲಿಯೇ ಕಲಿಸಿ, ಇಂಗ್ಲಿಷನ್ನು ಒಂದು ವಿಷಯವಾಗಿ ಮಾತ್ರ, ಅದರಲ್ಲಿ ನುರಿತ ಶಿಕ್ಷಕರಿಂದ ಕಲಿಸಿದರು. ಆ ಮಕ್ಕಳು ಉಳಿದ ವಿಷಯಗಳಲ್ಲಿ ಮುಂದಾದರಲ್ಲದೆ ಇಂಗ್ಲಿಷಿನಲ್ಲಿಯೂ ಹಿಂದೆ ಬೀಳಲಿಲ್ಲ. ಇಷ್ಟಾದರೂ ಅಲ್ಲಿಯ ಸರಕಾರವು ಮಾತೃಭಾಷಾಶಿಕ್ಷಣಕ್ಕಾಗಿ 2022ರಲ್ಲಿ ಒಪ್ಪಿದ ನೀತಿಯನ್ನು 2025ರಲ್ಲಿ ತಾನೇ ರದ್ದುಗೊಳಿಸಿತು. ಸತ್ಯವು ಗೊತ್ತಾಗುವದು ಬೇರೆ, ಅದರಂತೆ ನಡೆಯುವದು ಬೇರೆ.

ಈಗ ನಮ್ಮ ಮನೆಗೆ ಮರಳೋಣ. ಪರಭಾಷೆಯ ಶಾಲೆಯಲ್ಲಿ ಕುಳಿತ ಮಗುವಿನ ಸಂಕಟವು ಕನ್ನಡಿಗರಿಗೆ ಹೊಸದಲ್ಲ. ಮುಂಬಯಿ ಆಧಿಪತ್ಯದ ಕಾಲದಲ್ಲಿ ಧಾರವಾಡ ಸೀಮೆಯ ಅಚ್ಚ ಕನ್ನಡದ ಮಕ್ಕಳು ಮರಾಠಿ ಶಾಲೆಯಲ್ಲಿ ಅಕ್ಷರ ಕಲಿಯಬೇಕಾಗಿತ್ತು. ಕಚೇರಿಯ ಕಾಗದವೂ ಮರಾಠಿಯಲ್ಲಿಯೇ ಇರುತ್ತಿತ್ತು. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದುದೂ, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದುದೂ ಆ ಸಂಕಟದಿಂದಲೇ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿ, 1956ರ ನವೆಂಬರ 1ರಂದು ಕನ್ನಡ ರಾಜ್ಯದಲ್ಲಿ ಒಂದಾಯಿತು. ಆ ಬಳಿಕವೂ ಕಾರವಾರ, ಹಳಿಯಾಳ, ಸೂಪಾಗಳು ತಮಗೆ ಸಲ್ಲಬೇಕೆಂದು ಮಹಾರಾಷ್ಟ್ರದವರು ವಾದಿಸಿದರು. 1966ರಲ್ಲಿ ನೇಮಕವಾದ ಮಹಾಜನ ಆಯೋಗದ ಮುಂದೆಯೂ ಆ ವಾದವು ಬಂದಿತು. ಈ ತಾಲೂಕುಗಳು ಕನ್ನಡ ನಾಡಿನ ಅಂಗಗಳೆಂಬುದರಲ್ಲಿ ನಮಗೆ ಲೇಶವೂ ಸಂದೇಹವಿಲ್ಲ. ಆದರೆ ನಿನ್ನೆ ನಾವು ಉಂಡ ಕಹಿಯನ್ನು ಇಂದು ನೆರೆಯವನ ಮಗುವಿಗೆ ಉಣಿಸುವದು ಜಯವೂ ಅಲ್ಲ, ನ್ಯಾಯವೂ ಅಲ್ಲ.

ಮನೆಯ ಮಾತುಗಳಿಗೆ ಆಸ್ಪದ ಕೊಟ್ಟರೆ ಗಡಿಯಲ್ಲಿ ಕನ್ನಡವು ಸಡಿಲಾಗುವದೆಂದು ಕೆಲವು ಅಭಿಮಾನಿಗಳು ಅಂಜುವರು. ಅವರ ಅಭಿಮಾನವು ನಮಗೆ ಮಾನ್ಯ, ಅಂಜಿಕೆಯು ಮಾನ್ಯವಲ್ಲ. ಗಡಿಯ ಊರುಗಳಲ್ಲಿ ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿರುವದು ಮರಾಠಿಯೋ ಕೊಂಕಣಿಯೋ ಅಲ್ಲ, ಇಂಗ್ಲಿಷ ಮಾಧ್ಯಮದ ಮೋಹ. ಮರಾಠಿ ಶಾಲೆಯೂ ಅದೇ ಗಾಳಿಗೆ ತೂರಿಹೋಗುತ್ತಿರುವದು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರಕಾರವು ಕಡ್ಡಾಯ ಮಾಡಬಾರದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿರುವದರಿಂದ, ಆಜ್ಞೆಯ ಬಲದಿಂದ ಮಗುವನ್ನು ಹಿಡಿದು ತರುವ ದಾರಿಯೂ ಮುಚ್ಚಿಹೋಯಿತು. ಉಳಿದಿರುವ ದಾರಿ ಒಂದೇ: ತಾಯಿತಂದೆಗಳು ತಾವಾಗಿ ಮೆಚ್ಚಿ ಕಳಿಸುವಂಥ ಶಾಲೆ, ಜನರು ಹೆದರದೆ ಕಾಲಿಡುವಂಥ ಕಚೇರಿ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಸಿದ್ದಿ, ಕುಣಬಿ, ಗೌಳಿಗಳ ಕೇರಿಯ ಕನ್ನಡ ಶಾಲೆಗೆ ಹೋಗುವ ಶಿಕ್ಷಕನಿಗೆ ಆ ಮಕ್ಕಳ ಮನೆಯ ಮಾತು ತಿಳಿಯುವಂತಿರಬೇಕು. ಅಂಥವನು ಸಿಗದಿದ್ದರೆ ಅದೇ ಕೇರಿಯ ಓದುಬರಹ ಬಲ್ಲ ಹೆಣ್ಣುಮಗಳೊಬ್ಬಳನ್ನು ಮೊದಲಿನ ಎರಡು ವರುಷ ಅವನ ಜೊತೆಗೆ ಕೊಡಬೇಕು. ಮಗುವು ತನ್ನ ಮಾತಿನ ಕೈಹಿಡಿದು ಕನ್ನಡಕ್ಕೆ ಬರಲಿ. ಬಾಯಿ ಕಟ್ಟಿಸಿಕೊಂಡು ಬರುವದು ಬೇಡ. ಎರಡನೆಯದಾಗಿ, ಮರಾಠಿ, ಉರ್ದು ಶಾಲೆಗಳಲ್ಲಿ ಕನ್ನಡವನ್ನು ಕಲಿಸಲು ನುರಿತ ಶಿಕ್ಷಕರನ್ನೇ ನೇಮಿಸಬೇಕು. ಇಫೆಯವರು ಇಂಗ್ಲಿಷಿಗೆ ತೋರಿದ ಶ್ರದ್ಧೆಯನ್ನು ನಾವು ಕನ್ನಡಕ್ಕೆ ತೋರಿಸಲಾರೆವೇ? ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಅನುಕೂಲತೆಯನ್ನು ಒದಗಿಸಲು ಯತ್ನಿಸಬೇಕೆಂದು ನಮ್ಮ ಸಂವಿಧಾನದ 350ಅ ಕಲಮು ಹೇಳುವದು. ರಾಜ್ಯದ ಭಾಷೆಯನ್ನು ಚೆನ್ನಾಗಿ ಕಲಿಯುವದು ಆ ಮಕ್ಕಳ ಹೊಟ್ಟೆಪಾಡಿಗೂ ಅವಶ್ಯ. ಇವೆರಡಕ್ಕೂ ವಿರೋಧವಿಲ್ಲ.

ಮೂರನೆಯ ಮಾತು ಅಧಿಕಾರಿಗಳಿಗೆ. 1963ರ ಶಾಸನದಿಂದ ಕನ್ನಡವು ಆಡಳಿತಭಾಷೆಯಾಗಿದೆ. ಕಾಗದವು ಕನ್ನಡದಲ್ಲಿಯೇ ಇರಬೇಕು, ಅದರಲ್ಲಿ ನಾವು ರಾಜಿಯಾಗಲಾರೆವು. ಆದರೆ ಒಬ್ಬ ಕುಣಬಿ ಮುದುಕನು ಜಮೀನಿನ ಉತಾರಕ್ಕಾಗಿ ಕಾಡಿನ ದಾರಿ ಸವೆಸಿ ಜೋಯಿಡಾದ ಕಚೇರಿಗೆ ಬಂದನೆಂದು ಎಣಿಸಿರಿ. ಅವನ ಅಹವಾಲನ್ನು ಕೊಂಕಣಿಯಲ್ಲಿ ಕೇಳಿ, ಕನ್ನಡದಲ್ಲಿ ಬರೆದು, ಬರೆದುದನ್ನು ಅವನ ಮಾತಿನಲ್ಲಿ ಓದಿ ಹೇಳುವ ಗುಮಾಸ್ತನು ಕನ್ನಡಕ್ಕೆ ಮಾಡುವ ಸೇವೆಯು ದೊಡ್ಡದು. ‘ಕನ್ನಡದಲ್ಲಿ ಹೇಳು’ ಎಂದು ಗದರಿಸಿ ಕಳಿಸುವವನು ಕನ್ನಡಕ್ಕೆ ಒಬ್ಬ ಮಿತ್ರನನ್ನು ಕಡಿಮೆ ಮಾಡುವನು. ನೆರವಿಲ್ಲದ ಆ ಮುದುಕನು ಮಧ್ಯಸ್ಥನಿಗೆ ಹಣ ತೆರುವನು. ಅವನ ಮೊಮ್ಮಗನು ಕನ್ನಡವೆಂದರೆ ಗದರುವವರ ಭಾಷೆಯೆಂದು ತಿಳಿಯುವನು.

ಕೊನೆಯದಾಗಿ, ನಮ್ಮ ವಿದ್ವಾಂಸರು ಸಿದ್ದಿ, ಕುಣಬಿ, ಗೌಳಿಗಳ ಹಾಡುಗಳನ್ನೂ ಕಥೆಗಳನ್ನೂ ಗಿಡಮೂಲಿಕೆಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿಡುವ ಕೆಲಸವನ್ನು ವಿಸ್ತರಿಸಲಿ. ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿಯು ನಮ್ಮಲ್ಲಿ ಬೇರೂರಿರುವದು. 1994ರಿಂದ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿಯೂ ಇದೆ. ಲಿಪಿಯನ್ನು ಸಾಲ ಕೊಟ್ಟವನಿಗೆ ನಷ್ಟವಿಲ್ಲ, ಪಡೆದವನಿಗೆ ಬಾಳು ಉಂಟು. ಸಿದ್ದಿಗಳ ಹಿರಿಯರು ಕಳೆದುಕೊಂಡ ಮೊದಲ ನುಡಿಯನ್ನು ಯಾರೂ ಬರೆದಿಡಲಿಲ್ಲ. ಅವರ ಎರಡನೆಯ ನುಡಿಗೂ ಅದೇ ಗತಿ ಬಂದರೆ ಆ ದೋಷವು ಪೋರ್ತುಗೀಜರದಾಗದು, ನಮ್ಮದಾಗುವದು.

ಕನ್ನಡವು ಈ ಸೀಮೆಯಲ್ಲಿ ಎಲ್ಲರ ಭಾಷೆಯಾಗಬೇಕೆಂಬುದು ನಮ್ಮ ಹಂಬಲ. ಎಲ್ಲರ ಭಾಷೆಯಾಗಲು ಅದು ಯಾರೊಬ್ಬರ ಭಾಷೆಯನ್ನೂ ಕಸಿದುಕೊಳ್ಳಬೇಕಾಗಿಲ್ಲ. ತೇರನ್ನು ಎಳೆಯುವಾಗ ಹಗ್ಗ ಹಿಡಿದವನ ಮನೆಮಾತನ್ನು ಯಾರೂ ಕೇಳುವದಿಲ್ಲ. ಕೈಗಳು ಹೆಚ್ಚಿದಷ್ಟೂ ಎಲ್ಲರಿಗೂ ಸಂತೋಷ. ನಮ್ಮ ಅಧಿಕಾರಿಗಳೂ ಶಿಕ್ಷಕರೂ ಹಗ್ಗವನ್ನು ಮುಂದೆ ಚಾಚಲಿ. ತೇರಗಾಂವದ ಜನರು ಕೈ ಹಚ್ಚದೆ ಇರಲಾರರು.