ಅಘನಾಶಿನಿ ಕೆಸರಿನ ಪ್ರಯೋಗಶಾಲೆ

ಕುಮಟಾ: ವಿಜ್ಞಾನ, ಸಂಶೋಧನೆ ಅಂದ್ರೆ ಬೆಂಗಳೂರು ಎಂದೇ ನಮ್ಮವರ ಲೆಕ್ಕ. ತಪ್ಪೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಹುಟ್ಟಿದ್ದು ಅಲ್ಲಿ. ವಿಮಾನ, ಉಪಗ್ರಹ, ಕಂಪ್ಯೂಟರ್ ಬೆಳೆದದ್ದೂ ಅಲ್ಲಿಯೇ. ಆದರೆ ಅದೇ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಕುಮಟೆಯಲ್ಲೂ ಒಂದು ಕ್ಷೇತ್ರ ಕೇಂದ್ರ ಇಟ್ಟುಕೊಂಡಿತು ಎಂಬುದು ಪೇಟೆಯ ಎಷ್ಟು ಜನಕ್ಕೆ ಗೊತ್ತು?

ಮಾಧವ ಗಾಡ್ಗೀಳರು ಕಟ್ಟಿದ ಆ ಸಂಸ್ಥೆಗೆ ಉತ್ತರ ಕನ್ನಡದ ಕಾಡು, ಬೆಟ್ಟ, ಅಳಿವೆಗಳೇ ಪ್ರಯೋಗಶಾಲೆ. ಇಲ್ಲಿನ ಬಾಳಿಗಾ ಕಾಲೇಜಿನಲ್ಲಿ ಪಾಠ ಹೇಳಿದ ಎಂ.ಡಿ. ಸುಭಾಷಚಂದ್ರನ್ ದೇವರಕಾಡಿನಿಂದ ಹಿಡಿದು ಅಳಿವೆಯ ಕಾಂಡ್ಲದ ತನಕ ಅಭ್ಯಾಸ ಮಾಡಿದವರು.

ಇಳಿತದ ಹೊತ್ತಿಗೆ ಮೊಣಕಾಲುದ್ದ ಕೆಸರಿನಲ್ಲಿ ಬಳಚು ಹೆಕ್ಕುವ ಹೆಂಗಸರನ್ನು ಕಾಣದವರಿಲ್ಲ. ಅದನ್ನು ಯಾರೂ ಉದ್ದಿಮೆ ಅಂತ ಕರೆದಿರಲಿಲ್ಲ. 2008ರಲ್ಲಿ ಬೂಮಿನಾಥನ್, ಸುಭಾಷಚಂದ್ರನ್, ಟಿ.ವಿ. ರಾಮಚಂದ್ರ ಅದರ ಲೆಕ್ಕ ತೆಗೆದರು. ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿ. ಬೆಲೆ ಸುಮಾರು 5 ಕೋಟಿ 78 ಲಕ್ಷ ರೂಪಾಯಿ. ನೇರವಾಗಿ 2,347 ಜನರಿಗೆ ಕೆಲಸ. ಯಾವ ಕಾರ್ಖಾನೆಯ ಮುಂದೆ ಇದು ಸಣ್ಣದು?

ಗುಟ್ಟು ಇಷ್ಟೇ. ಘಟ್ಟದಿಂದ ಇಳಿಯುವ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಸಿಹಿನೀರು ಬಂದು ಭರತದ ಉಪ್ಪುನೀರಿಗೆ ಸೇರುತ್ತದೆ. ಕಾಂಡ್ಲದ ಎಲೆ ಕೊಳೆತು ಮೀನು, ಸಿಗಡಿ, ಚಿಪ್ಪಿಗೆ ಆಹಾರವಾಗುತ್ತದೆ. ಉಪ್ಪು ತಡೆಯುವ ಕಗ್ಗ ಭತ್ತ ಗಜನಿಯಲ್ಲಿ ಬೆಳೆಯುವುದೂ ಈ ಹದದ ಮೇಲೆ. ಸಿಹಿನೀರು ಕಡಿಮೆಯಾದರೆ ಹದ ಕೆಟ್ಟಿತು.

2006ರ ಸುಮಾರಿಗೆ ತದಡಿಗೆ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರದ ಯೋಜನೆ ಬಂತು. ಜನ ಎದ್ದು ನಿಂತರು, ಯೋಜನೆ ಬಿದ್ದುಹೋಯಿತು. 2024ರಲ್ಲಿ ಅಳಿವೆಯ 4,801 ಹೆಕ್ಟೇರು ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿಗೇ ಬೇಕಾದ ಜೌಗು ಪ್ರದೇಶ ಎನಿಸಿತು. ಹಾಗಂತ ಹಾರ ಹಾಕಿಸಿಕೊಂಡು ಕೂರುವ ಹಾಗಿಲ್ಲ. 2025ರಲ್ಲಿ ಇದೇ ಹೊಳೆಯ ನೀರನ್ನು ವೇದಾವತಿಯ ಕಡೆ ತಿರುಗಿಸುವ ಮಾತು ಎದ್ದು, ಘಟ್ಟದ ಮೇಲೂ ಕೆಳಗೂ ವಿರೋಧ ಕೇಳಿಬಂತು.

ಬಯಲುಸೀಮೆಗೆ ನೀರು ಬೇಕು, ಅದು ಸುಳ್ಳಲ್ಲ. ಆದರೆ ಸಮುದ್ರಕ್ಕೆ ಹೋಗುವ ನೀರು ವ್ಯರ್ಥ ಎಂಬ ಮಾತು ಮಾತ್ರ ಲೆಕ್ಕಕ್ಕೆ ನಿಲ್ಲದು. ಆ ನೀರೇ ಕೆಸರಿನಲ್ಲಿ ದುಡಿಯುವ ಹೆಂಗಸಿನ ಬುಟ್ಟಿ ತುಂಬಿಸುವುದು. ಇಂಥ ಸಂಶೋಧನೆ ವಿದ್ವಾಂಸರ ಕಪಾಟಿನಲ್ಲಿದ್ದರೆ ಸಾಲದು. ಗ್ರಾಮಸಭೆಯಲ್ಲಿ ಅಂಕಿಅಂಶ ಸಮೇತ ಕನ್ನಡದಲ್ಲಿ ಓದಿ ಹೇಳಬೇಕು. ನೀರು ತಿರುಗಿದ ಮೇಲೆ ಲೆಕ್ಕ ಓದಿ ಬಂದದ್ದೇನು? ಸಂಬಂಧಪಟ್ಟವರು ಗಮನಿಸುವರೇ?