ಬಿದ್ದ ಮನೆ ಮಾರುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ನೆರೆ ಬಂದು ಹೋದ ಊರುಗಳಲ್ಲಿ ಇದಕ್ಕೆ ‘ಬಿದ್ದ ಮನೆ ಮಾರಿ ನೋಡು’ ಎಂಬುದನ್ನೂ ಸೇರಿಸಬೇಕಾಗಿದೆ. ಕೃಷಿ ಪುಟದಲ್ಲಿ ಮನೆ ಮಾರಾಟದ ಮಾತೇಕೆ ಎಂದು ರೈತ ಬಾಂಧವರು ಕೇಳಬಹುದು. ರೈತನು ಹಾಳಾದ ಮನೆಯನ್ನು ಅವಸರದಲ್ಲಿ ಮಾರುವುದು ಅನೇಕ ವೇಳೆ ಬಿತ್ತನೆಯ ಖರ್ಚಿಗಾಗಿ. ಆದ್ದರಿಂದ ಇದೂ ಒಕ್ಕಲುತನದ ವಿಷಯವೇ.

2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ದಂಡೆ ಮೀರಿ ಹರಿದಾಗ ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೈತರೊಬ್ಬರ ಹಳೆಯ ಮಾಳಿಗೆ ಮನೆಗೆ ಎದೆಮಟ್ಟ ನೀರು ನುಗ್ಗಿತು. ಅವರು ಹೊಲದಲ್ಲಿಯೇ ಬೇರೆ ಮನೆ ಕಟ್ಟಿಕೊಂಡಿದ್ದರು. ಊರೊಳಗಿನ ಹಿರಿಯರ ಮನೆಯಲ್ಲಿ ಕಾಳುಕಡಿ, ಹೊಟ್ಟು ಇಡುತ್ತಿದ್ದರು. ನೀರು ಇಳಿದು ಬಿಸಿಲು ಬಿದ್ದ ಮೇಲೆ ಮಣ್ಣಿನ ಗೋಡೆ ಬಿರಿಯಿತು. ಹಿತ್ತಲ ಕಡೆಯ ಅಂಕಣ ಕುಸಿಯಿತು. ಹಿಂಗಾರಿ ಜೋಳ ಬಿತ್ತುವ ಕಾಲ ಹತ್ತಿರ ಬಂದಿತ್ತು. ಅಷ್ಟರಲ್ಲಿ ಒಬ್ಬ ವ್ಯಾಪಾರಿ ಬಂದು, ‘ಇದ್ದ ಹಾಗೆಯೇ ಕೊಡಿ, ಒಂದು ಕಲ್ಲೂ ಎತ್ತಬೇಡಿ, ಒಂದೂವರೆ ಲಕ್ಷ ನಾಳೆಯೇ ಎಣಿಸುತ್ತೇನೆ’ ಎಂದ. ಎಂ. 35-1 ಬೀಜ ವಿಚಾರಿಸಲು ರೈತ ಸಂಪರ್ಕ ಕೇಂದ್ರಕ್ಕೆ ಬಂದಿದ್ದ ಆ ರೈತರು ಮಾತಿಗೆ ಮಾತು ಬಂದು ಈ ಸಂಗತಿ ತಿಳಿಸಿದರು. ಬಿದ್ದ ಮನೆಗೆ ಅಷ್ಟು ಬಂದದ್ದೇ ಭಾಗ್ಯ ಎಂಬುದು ಅವರ ಭಾವನೆಯಾಗಿತ್ತು. ‘ಬೀಜ ಇಂದೇ ಒಯ್ಯಿರಿ, ಮನೆಯ ಮಾತು ಎಂಟು ದಿನ ತಡೆಯಿರಿ’ ಎಂದು ಅವರಿಗೆ ಹೇಳಿದೆ.

ಬೆಲೆ ಕಟ್ಟುವ ಬಗೆ

ಹಾಳಾದ ಮನೆಯನ್ನು ರಿಪೇರಿ ಮಾಡದೆ ಇದ್ದ ಸ್ಥಿತಿಯಲ್ಲೇ ಮಾರುವುದು ತಪ್ಪಲ್ಲ. ವಾಸವಿಲ್ಲದ ಮನೆ, ಪದೇ ಪದೇ ನೀರು ನುಗ್ಗುವ ತಗ್ಗಿನ ಮನೆ, ಬುನಾದಿಯೇ ಕುಸಿದ ಮನೆಗಳಿಗೆ ಹಣ ಸುರಿಯುವುದಕ್ಕಿಂತ ಮಾರುವುದೇ ಲೇಸು. ಆದರೆ ಮಾರುವವನು ತಾನು ಏನನ್ನು ಮಾರುತ್ತಿದ್ದೇನೆ ಎಂಬುದನ್ನು ಅರಿತಿರಬೇಕು. ನಮ್ಮ ಕಣ್ಣಿಗೆ ಬೀಳುವುದು ಬಿದ್ದ ಗೋಡೆ. ಕೊಳ್ಳುವವನ ಕಣ್ಣಿಗೆ ಬೀಳುವುದು ಜಾಗ, ಮರ ಮತ್ತು ಕಲ್ಲು.

ಉದಾಹರಣೆಗೆ, 30 ಅಡಿ ಅಗಲ, 40 ಅಡಿ ಉದ್ದದ ಜಾಗವಿದೆ ಎನ್ನೋಣ. ಅದು 1,200 ಚದರ ಅಡಿ. ಊರಿನಲ್ಲಿ ಚದರ ಅಡಿಗೆ 200 ರೂಪಾಯಿ ನಡೆಯುತ್ತಿದ್ದರೆ ಜಾಗವೇ 2,40,000 ರೂಪಾಯಿ ಆಯಿತು. ಸಾಗವಾನಿ ಕಂಬ, ತೊಲೆ, ಜಂತಿ, ಬಾಗಿಲುವಾಡಗಳಿಗೆ ಬಡಗಿಯು 70,000 ರೂಪಾಯಿ ಕಟ್ಟಿದರೆ, ಬುನಾದಿ ಕಲ್ಲು, ಫರಸಿಗಳಿಗೆ 20,000 ರೂಪಾಯಿ ಹಿಡಿಯಬಹುದು. ಒಟ್ಟು 3,30,000. ಇದರಲ್ಲಿ ಮನೆ ಕೆಡವಿ ಮಣ್ಣು ಸಾಗಿಸುವ ಖರ್ಚು 40,000 ಕಳೆದರೆ ಉಳಿಯುವುದು 2,90,000 ರೂಪಾಯಿ. ಕೊಳ್ಳುವವನ ಶ್ರಮ, ಲಾಭಗಳಿಗೆಂದು ಮೂವತ್ತು ನಲವತ್ತು ಸಾವಿರ ಬಿಟ್ಟುಕೊಡುವುದು ನ್ಯಾಯ. ಅದಕ್ಕಿಂತ ಕೆಳಗೆ ಇಳಿದದ್ದೆಲ್ಲ ನಮ್ಮ ಅವಸರಕ್ಕೆ ನಾವು ತೆರುವ ದಂಡ.

ನಿಮ್ಮ ಊರಿನ ಲೆಕ್ಕ ಬೇರೆ ಇರಬಹುದು. ಜಾಗದ ದರವನ್ನು ಇಬ್ಬರು ಮೂವರಲ್ಲಿ ಕೇಳಿರಿ. ಸರ್ಕಾರದ ಮಾರ್ಗಸೂಚಿ ದರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ತಿಳಿಯುತ್ತದೆ. ಮರಕ್ಕೆ ಬಡಗಿಯಿಂದಲೇ ಬೆಲೆ ಕಟ್ಟಿಸಿರಿ. ಮರವನ್ನಷ್ಟೇ ಬೇರೆಯಾಗಿ ಮಾರುವುದಾದರೆ, ಬೇರೆ ಊರಿಗೆ ಸಾಗಿಸುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಮೊದಲು ಪಂಚನಾಮೆ, ಆಮೇಲೆ ಮಾರಾಟ

ನೆರೆಯಿಂದ ಮನೆ ಹಾಳಾಗಿದ್ದರೆ ಗ್ರಾಮ ಆಡಳಿತ ಅಧಿಕಾರಿ ಹಾಗೂ ಇಂಜಿನಿಯರ್ ಬಂದು ಹಾನಿಯ ಪ್ರಮಾಣ ಬರೆದುಕೊಳ್ಳುವವರೆಗೆ ಒಂದು ಜಂತಿಯನ್ನೂ ಅಲ್ಲಾಡಿಸಬೇಡಿರಿ. ನೀರು ನಿಂತ ಗುರುತು, ಬಿರುಕು, ಬಿದ್ದ ಭಾಗಗಳ ಫೋಟೋ ತೆಗೆದಿಡಿರಿ. 2019ರ ನೆರೆಯಲ್ಲಿ ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿವರೆಗೆ ನೆರವು ಘೋಷಣೆಯಾಗಿತ್ತು. ಆ ಹಣ ಹೊಸ ಮನೆ ಏಳುತ್ತ ಹೋದಂತೆ ಕಂತುಗಳಲ್ಲಿ ಬರುತ್ತಿತ್ತು. ಇರುವುದೊಂದೇ ಮನೆಯಾಗಿದ್ದು, ಅವಸರದಲ್ಲಿ ಜಾಗವನ್ನೂ ಮಾರಿಬಿಟ್ಟವನು ಮನೆ ಕಟ್ಟುವುದೆಲ್ಲಿ? ನೆರವಿನ ಮೊತ್ತ, ನಿಯಮಗಳು ಪ್ರತಿ ಸಲ ಬದಲಾಗುತ್ತವೆ. ಆಯಾ ವರ್ಷದ ಆದೇಶವನ್ನು ತಹಸೀಲ್ದಾರ್ ಕಚೇರಿಯಲ್ಲಿ ಕೇಳಿ ತಿಳಿದು ನಿರ್ಧರಿಸಬೇಕು. ಹಕ್ಕುಪತ್ರದ ಮೇಲೆ ಬಂದ ಮನೆಯಾದರೆ, ಅದರಲ್ಲಿ ಪರಭಾರೆ ಮಾಡಬಾರದೆಂಬ ಷರತ್ತು ಇದೆಯೇ ಎಂದು ಓದಿಸಿ ನೋಡಿರಿ.

ಕಾಗದಪತ್ರ

ನೂರು ರೂಪಾಯಿಗೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಣಿಯಾಗಲೇಬೇಕು. ಬಾಂಡ್ ಕಾಗದದ ಮೇಲೆ ಬರೆದು ಪಂಚರ ಸಹಿ ಹಾಕಿಸಿದ ಮಾತ್ರಕ್ಕೆ ಅದು ಖರೀದಿ ಪತ್ರವಾಗದು. ನೋಂದಣಿಗೆ ಪಂಚಾಯಿತಿಯಿಂದ ಇ-ಸ್ವತ್ತಿನ ದಾಖಲೆ ಬೇಕು. ಖಾತೆ ಇನ್ನೂ ತಂದೆ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು.

ಇಲ್ಲಿ ಅಕ್ಕತಂಗಿಯರನ್ನು ಮರೆಯುವಂತಿಲ್ಲ. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಅವರ ಒಪ್ಪಿಗೆ, ಸಹಿ ಇಲ್ಲದೆ ಮಾರಿದರೆ ನಾಳೆ ವ್ಯಾಜ್ಯಕ್ಕೆ ದಾರಿಯಾಗುತ್ತದೆ.

‘ಇದ್ದ ಸ್ಥಿತಿಯಲ್ಲೇ’ ಎಂದು ಬರೆದರೆ ಎಲ್ಲ ಹೊಣೆ ಕಳೆಯಿತೆಂದು ತಿಳಿಯುವುದೂ ತಪ್ಪು. 1882ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯದ ದೋಷವನ್ನು ಮಾರುವವನೇ ಹೇಳಬೇಕು. ಬಿರುಕಿನ ಮೇಲೆ ಸುಣ್ಣ ಬಳಿದು ಮುಚ್ಚುವುದರಿಂದ ಖರ್ಚೂ ಆಯಿತು, ತಕರಾರಿಗೆ ಎಡೆಯೂ ಆಯಿತು. ನೀರು ಎಷ್ಟು ಎತ್ತರ ನಿಂತಿತ್ತು, ಯಾವ ಗೋಡೆ ಬಿದ್ದಿದೆ, ಬುನಾದಿ ಎಲ್ಲಿ ಕುಸಿದಿದೆ ಎಂಬುದನ್ನು ಪತ್ರದಲ್ಲಿಯೇ ಬರೆಸಿರಿ. ಅದರಿಂದ ರಕ್ಷಣೆ ನಿಮಗೇ.

ರೊಕ್ಕ ಕೈಗೆ ಬರುವಾಗ

ನೋಟಿನ ಕಂತೆ ಕಂಡಾಗ ಮನಸ್ಸು ಸೋಲುವುದು ಸಹಜ. ಆದರೆ ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ಮುಂಗಡಕ್ಕೂ ಇದು ಅನ್ವಯಿಸುತ್ತದೆ. ತಪ್ಪಿದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಹಣ ಪಡೆದವನ ಮೇಲೆ. ಕೊಡುವವ, ಪಡೆಯುವವ ಇಬ್ಬರಿಗೂ ಕೃಷಿ ಆದಾಯವಿದ್ದು, ಇಬ್ಬರಲ್ಲಿ ಯಾರಿಗೂ ತೆರಿಗೆಗೆ ಒಳಪಡುವ ಆದಾಯ ಇಲ್ಲದಿದ್ದರೆ ವಿನಾಯಿತಿ ಉಂಟು. ಕೊಳ್ಳುವವನು ವ್ಯಾಪಾರಿಯಾದರೆ ಈ ವಿನಾಯಿತಿಯನ್ನು ನಂಬಬಾರದು. ಚೆಕ್, ಡಿ.ಡಿ. ಅಥವಾ ಬ್ಯಾಂಕ್ ಖಾತೆಗೆ ಜಮೆ, ಇವೇ ಸರಿಯಾದ ದಾರಿ. ಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಉಳಿದದ್ದನ್ನು ಕೈಯಲ್ಲಿ ಕೊಡುತ್ತೇನೆ ಎಂದರೆ ಒಪ್ಪಬೇಡಿರಿ. ಆ ಹಣ ಬಾರದೆ ಹೋದರೆ ಕೇಳಲು ನಿಮ್ಮಲ್ಲಿ ಆಧಾರವೇ ಇರುವುದಿಲ್ಲ.

ಇದೇ ಊರಿನ ಇನ್ನೊಬ್ಬರಿಗೆ 2009ರ ನೆರೆಯ ನಂತರ ಇಂಥದೇ ಪೆಟ್ಟು ಬಿದ್ದಿತ್ತು. ಇಪ್ಪತ್ತೈದು ಸಾವಿರ ಮುಂಗಡ ಪಡೆದು ಕೀಲಿಕೈ ಕೊಟ್ಟರು. ಕೊಂಡವನು ಎರಡು ದಿನದಲ್ಲಿ ಕಂಬ, ತೊಲೆಗಳನ್ನು ಟ್ರಾಕ್ಟರಿಗೆ ಹೇರಿಕೊಂಡು ಹೋದ. ನೋಂದಣಿಗೆ ಬರಲೇ ಇಲ್ಲ. ಮಾಲಿಕರಿಗೆ ಉಳಿದದ್ದು ಮಣ್ಣಿನ ಗುಡ್ಡೆ. ಪೂರ್ತಿ ಹಣ ಖಾತೆಗೆ ಬಿದ್ದು ನೋಂದಣಿ ಮುಗಿಯುವವರೆಗೆ ಕೀಲಿಕೈ ಕೊಡಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಎಂಟು ದಿನದ ಫಲ

ಮೊದಲು ಹೇಳಿದ ರೈತರು ಬಡಗಿಯನ್ನು ಕರೆತಂದು ಮರ ತೋರಿಸಿದರು. ಸಹಕಾರ ಸಂಘದಲ್ಲಿ ಬೆಳೆಸಾಲ ಪಡೆದು ಜೋಳ ಬಿತ್ತಿದರು. ಬಿತ್ತನೆ ಮುಗಿದ ಮೇಲೆ ಮನೆ ಮಾರುವ ಅವಸರವೂ ಮುಗಿಯಿತು. ಗಂಡನ ಮನೆಯಲ್ಲಿದ್ದ ಇಬ್ಬರು ತಂಗಿಯರನ್ನು ಕರೆಸಿ ಮಾತನಾಡಿದರು. ಮಗ್ಗುಲ ಮನೆಯವರೇ ಅಂಗಡಿ ಹಾಕಲು ಜಾಗ ಹುಡುಕುತ್ತಿದ್ದರು. ಬೇಸಿಗೆಗೆ ಮುನ್ನ, ಇದ್ದ ಸ್ಥಿತಿಯಲ್ಲೇ, 2,60,000 ರೂಪಾಯಿಗೆ ವ್ಯವಹಾರ ಮುಗಿಯಿತು. ವ್ಯಾಪಾರಿ ಹೇಳಿದ್ದಕ್ಕಿಂತ 1,10,000 ರೂಪಾಯಿ ಹೆಚ್ಚು. ತಂಗಿಯರಿಗೂ ಪಾಲು ಹೋಯಿತು. ಪತ್ರಕ್ಕೆ ಸಹಿ ಹಾಕುವ ಮುನ್ನ ಹಿರಿಯ ತಂಗಿ ತವರಿನ ಹೊಸ್ತಿಲಿಗೆ ಕುಂಕುಮ ಹಚ್ಚಿ ಬಂದರಂತೆ.

ರೈತ ಬಾಂಧವರು ಒಂದು ಮಾತು ನೆನಪಿಡಬೇಕು. ಗೋಡೆ ಬಿದ್ದರೂ ಜಾಗ ಬೀಳುವುದಿಲ್ಲ. ನಾಳೆಯೇ ರೊಕ್ಕ ಎನ್ನುವವನಿಗೆ ಎಂಟು ದಿನ ತಡೆಯಲು ಹೇಳಿರಿ. ಆ ಎಂಟು ದಿನಗಳಲ್ಲಿ ಪಂಚಾಯಿತಿಗೆ ಹೋಗಿರಿ, ಬಡಗಿಯನ್ನು ಕರೆಸಿರಿ, ಮನೆಮಂದಿಯೊಡನೆ ಕುಳಿತು ಲೆಕ್ಕ ಹಾಕಿರಿ. ನಿಜವಾದ ಗಿರಾಕಿಯಾದರೆ ಅಷ್ಟು ದಿನ ಕಾದೇ ಕಾಯುತ್ತಾನೆ.