ನಾಯಿಗೆ ಹೆದರದ ಮಗುವಿನೊಡನೆ ತಿರುಗಾಟ

ಒಂದೂವರೆಯಿಂದ ಮೂರು ವರ್ಷದವರೆಗಿನ ಮಕ್ಕಳಲ್ಲಿ ಕೆಲವರಿಗೆ ಹೆದರಿಕೆ ಎಂಬುದೇ ತಿಳಿಯದು. ಮನೆಯಲ್ಲಿ ನಾಯಿ ಇದ್ದರಂತೂ ಕೇಳುವುದೇ ಬೇಡ. ಮಗು ಅದರ ಕಿವಿ ಹಿಡಿದು ಎಳೆಯುತ್ತದೆ, ಬೆನ್ನಿಗೆ ಒರಗಿ ಕೂರುತ್ತದೆ, ತಾನು ಕಚ್ಚಿದ ಬಿಸ್ಕತ್ತನ್ನು ಅದಕ್ಕೆ ತಿನ್ನಿಸಿ ಉಳಿದದ್ದನ್ನು ತಾನೇ ತಿನ್ನುತ್ತದೆ. ನೋಡಿದವರು ಮೆಚ್ಚುತ್ತಾರೆ, ಅಜ್ಜಿ ತಾತಂದಿರಿಗೆ ಹೆಮ್ಮೆ. ಆದರೆ ಸಂಜೆ ಮಗುವನ್ನೂ ನಾಯಿಯನ್ನೂ ಒಟ್ಟಿಗೆ ಬೀದಿಗೋ ಪಾರ್ಕಿಗೋ ಕರೆದೊಯ್ಯುವಾಗ ಇದೇ ಧೈರ್ಯ ಅಪಾಯ ತರಬಲ್ಲದು.

ಮಗು ಅರಿತಿರುವುದು ಒಂದೇ ಒಂದು ನಾಯಿಯನ್ನು. ಅದರ ಲೆಕ್ಕದಲ್ಲಿ ಎಲ್ಲ ನಾಯಿಗಳೂ ಮನೆಯ ನಾಯಿಯಂತೆಯೇ. ಚರಂಡಿಯ ಬಳಿ ಮರಿಗಳೊಡನೆ ಮಲಗಿದ ತಾಯಿನಾಯಿ, ಅಂಗಡಿ ಮುಂದೆ ಎಲುಬು ಕಡಿಯುತ್ತಿರುವ ನಾಯಿ, ಪಕ್ಕದ ಬೀದಿಯವರು ಸರಪಳಿಯಲ್ಲಿ ಹಿಡಿದು ತಂದ ನಾಯಿ, ಎಲ್ಲದರ ಬಳಿಗೂ ಅದು ಕೈಚಾಚಿ ಓಡುತ್ತದೆ. ಮಗುವಿನ ಮುಖವಾದರೋ ನಾಯಿಯ ಬಾಯಿಯ ಎತ್ತರದಲ್ಲೇ ಇರುತ್ತದೆ. ದೊಡ್ಡವರಿಗೆ ಕಾಲಿಗೆ ಬೀಳುವ ಕಡಿತ ಮಗುವಿಗೆ ಕೆನ್ನೆಗೋ ಕುತ್ತಿಗೆಗೋ ಬೀಳುತ್ತದೆ.

ಮುಖದ ಕಡಿತ ಗಂಭೀರವೆನ್ನಲು ಅಂದಗೆಡುವುದೊಂದೇ ಕಾರಣವಲ್ಲ. ಹುಚ್ಚುನಾಯಿ ರೋಗದ, ಎಂದರೆ ರೇಬೀಸಿನ ವೈರಸ್ಸು ನರಗಳ ಗುಂಟ ಮಿದುಳಿಗೆ ಸಾಗುತ್ತದೆ. ಮುಖದಿಂದ ಮಿದುಳಿಗೆ ದಾರಿ ಹತ್ತಿರ, ಆದ್ದರಿಂದ ರೋಗ ಬೇಗ ತಲೆದೋರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ 99ರಷ್ಟು ನಾಯಿಗಳಿಂದಲೇ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗೆಂದು ಮಗುವಿಗೆ 'ನಾಯಿ ಬರುತ್ತೆ, ಹಿಡ್ಕೊಂಡು ಹೋಗುತ್ತೆ' ಎಂದು ಹೆದರಿಸಬೇಕಾಗಿಲ್ಲ. ಹೆದರಿದ ಮಗು ನಾಯಿ ಕಂಡೊಡನೆ ಕಿರುಚಿ ಓಡುತ್ತದೆ, ಓಡುವವರನ್ನು ಅಟ್ಟುವುದು ನಾಯಿಯ ಸಹಜ ಗುಣ. ಎರಡು ವರ್ಷದ ಮಗುವಿಗೆ ಉಪದೇಶವೂ ಹೆಚ್ಚು ಉಪಯೋಗಕ್ಕೆ ಬಾರದು. ಎಚ್ಚರ ದೊಡ್ಡವರದೇ ಆಗಬೇಕು.

ಮೊದಲನೆಯದಾಗಿ, ಇಬ್ಬರು ದೊಡ್ಡವರಿಲ್ಲದೆ ಮಗುವನ್ನೂ ನಾಯಿಯನ್ನೂ ಒಟ್ಟಿಗೆ ಹೊರಡಿಸಬೇಡಿ. ಒಬ್ಬರ ಕೈಯಲ್ಲಿ ಸರಪಳಿ, ಇನ್ನೊಬ್ಬರ ಕೈಯಲ್ಲಿ ಮಗು. ಒಂದು ಕೈಯಲ್ಲಿ ನಾಯಿ, ಇನ್ನೊಂದರಲ್ಲಿ ಮಗು, ಕಿವಿಗೆ ಮೊಬೈಲ್ ಎಂಬ ನೋಟವನ್ನು ಈಗೀಗ ಎಲ್ಲೆಡೆ ಕಾಣುತ್ತೇವೆ. ಬೆಕ್ಕೊಂದು ಅಡ್ಡ ಬಂದು ನಾಯಿ ಜಗ್ಗಿತೆಂದರೆ ಮಗುವಿನ ಕೈ ಬಿಟ್ಟುಹೋಗುವುದು ಖಂಡಿತ. ಚೆನ್ನಾಗಿ ಕಾಣುತ್ತದೆಂದು ಸರಪಳಿಯನ್ನು ಮಗುವಿನ ಕೈಗೆ ಕೊಡುವುದಾಗಲಿ, ಮಣಿಕಟ್ಟಿಗೆ ಸುತ್ತುವುದಾಗಲಿ ಸಲ್ಲದು. ಮಗುವಿನ ಕೈಯಲ್ಲಿ ತಿಂಡಿಯೂ ಬೇಡ.

ನಮ್ಮ ನಾಯಿಯನ್ನು ಕಂಡು ಬೀದಿನಾಯಿಗಳು ಗುಂಪಾಗಿ ಬೊಗಳುತ್ತ ಬಂದರೆ ಮೊದಲು ಮಗುವನ್ನು ಎತ್ತಿಕೊಳ್ಳಿ. ಓಡಬೇಡಿ, ಕಲ್ಲೆಸೆಯಬೇಡಿ, ನಿಧಾನವಾಗಿ ಹಿಂದೆ ಸರಿಯಿರಿ. ನಾಯಿಯನ್ನು ಕಾಪಾಡುವುದು ಎರಡನೆಯ ಮಾತು.

ಸಾಕಿದ ನಾಯಿಯನ್ನೂ ಪೂರ್ತಿ ನಂಬುವಂತಿಲ್ಲ. ಎಳೆಯ ಮಕ್ಕಳನ್ನು ಕಚ್ಚುವುದು ಹೆಚ್ಚಾಗಿ ಪರಿಚಯದ ನಾಯಿಯೇ. ಮಗು ಅಪ್ಪಿಕೊಂಡಾಗ ಅದು ಮುಖ ತಿರುಗಿಸಿದರೆ, ಸುಮ್ಮಸುಮ್ಮನೆ ಆಕಳಿಸಿ ತುಟಿ ನೆಕ್ಕಿಕೊಂಡರೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ, ಮೈ ಬಿಗಿಹಿಡಿದರೆ ಅದಕ್ಕೆ ಸಾಕಾಗಿದೆ ಎಂದು ಅರ್ಥ. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಸಂತೋಷವಾಗಿದೆ ಎನ್ನುವಂತಿಲ್ಲ. ಗುರ್ ಎಂದಾಗ ಹೊಡೆಯುವವರಿದ್ದಾರೆ. ಇದು ಸರಿಯಲ್ಲ. ಗುರುಗುಟ್ಟುವುದು ಎಚ್ಚರಿಕೆ. ಅದನ್ನು ಹೊಡೆದು ಬಿಡಿಸಿದರೆ ಮುಂದೆ ನಾಯಿ ಎಚ್ಚರಿಸದೆಯೇ ಕಚ್ಚುವುದನ್ನು ಕಲಿಯಬಹುದು.

ಇಷ್ಟೆಲ್ಲ ನೋಡಿಕೊಂಡರೂ ಕಚ್ಚಿತು ಎನ್ನಿ. ಗಾಯವನ್ನು ಕೂಡಲೇ ನಲ್ಲಿಯ ಕೆಳಗೆ ಹಿಡಿದು ಸೋಪಿನಿಂದ 15 ನಿಮಿಷ ತೊಳೆಯಬೇಕು. ಮಗು ಅಳುತ್ತದೆಂದು ಎರಡು ನಿಮಿಷಕ್ಕೆ ನಿಲ್ಲಿಸಬೇಡಿ. ಈ ತೊಳೆಯುವಿಕೆಯೇ ವೈರಸ್ಸನ್ನು ಬಹುಮಟ್ಟಿಗೆ ಕಡಿಮೆ ಮಾಡುತ್ತದೆ. ಸುಣ್ಣ, ಅರಿಶಿನ, ಕಾಫಿಪುಡಿ, ಮೆಣಸಿನಪುಡಿ ಯಾವುದನ್ನೂ ಹಚ್ಚಕೂಡದು. ಅನಂತರ ನೇರವಾಗಿ ಆಸ್ಪತ್ರೆಗೆ ಹೋಗಿ. ರಕ್ತ ಬಂದ ಗಾಯವಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದನ್ನು ಗಾಯದ ಒಳಗೂ ಸುತ್ತಲೂ ಚುಚ್ಚಬೇಕಾಗುತ್ತದೆ. ಲಸಿಕೆಯಿಂದ ದೇಹದಲ್ಲಿ ರಕ್ಷಣೆ ಮೂಡಲು ಒಂದೆರಡು ವಾರ ಬೇಕು, ಅಲ್ಲಿಯವರೆಗೆ ಕಾಯುವುದು ಈ ಮದ್ದು. ಪರಚಿದ್ದರೆ ರಕ್ತ ಬಾರದಿದ್ದರೂ ಲಸಿಕೆ ಬೇಕು. ಅನ್ಯ ನಾಯಿಯ ಜೊಲ್ಲು ಮಗುವಿನ ಬಾಯಿಗೋ ಕಣ್ಣಿಗೋ ತಗುಲಿದರೆ ಅದನ್ನೂ ಗಂಭೀರ ಕಡಿತದಂತೆಯೇ ಎಣಿಸಬೇಕು.

'ಹತ್ತು ದಿನ ನಾಯಿಯನ್ನು ನೋಡಿ ಆಮೇಲೆ ಚುಚ್ಚಿಸೋಣ' ಎನ್ನುವ ಮಾತು ಈಗಲೂ ಕೇಳಿಬರುತ್ತದೆ. ನೋಡುವುದು ಸರಿ, ಕಾಯುವುದು ತಪ್ಪು. ಲಸಿಕೆ ಅಂದೇ ಆರಂಭವಾಗಬೇಕು, ಹತ್ತು ದಿನ ಕಳೆದು ನಾಯಿ ಆರೋಗ್ಯವಾಗಿದ್ದರೆ ಮುಂದಿನದನ್ನು ವೈದ್ಯರು ನಿರ್ಧರಿಸುತ್ತಾರೆ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂಬ ಹೆದರಿಕೆ ಹಳೆಯ ಕಾಲದ್ದು. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತುಹೋಯಿತು. ಈಗ ನಾಲ್ಕೈದು ಬಾರಿ, ತೋಳಿಗೋ ಎಳೆಯ ಮಕ್ಕಳಾದರೆ ತೊಡೆಗೋ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ನಾಯಿ ಸಾಕುವ ಮನೆಯ ಮಕ್ಕಳಿಗೆ ಕಚ್ಚುವ ಮೊದಲೇ ಈ ಲಸಿಕೆ ಕೊಡಿಸುವ ಏರ್ಪಾಡೂ ಇದೆ. ಹಾಗೆ ಪಡೆದ ಮಗುವಿಗೆ ಮುಂದೆ ಕಡಿತವಾದರೆ ಮೊದಲ ದಿನ ಒಂದು, ಮೂರು ದಿನ ಬಿಟ್ಟು ಇನ್ನೊಂದು ಚುಚ್ಚುಮದ್ದು ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ. ನಾಯಿಗೂ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಆರಂಭಿಸಿ, ಪ್ರತಿ ವರ್ಷ ತಪ್ಪದೆ ಹಾಕಿಸುತ್ತಿರಬೇಕು. ಮಗುವನ್ನು ಮುಂದಿನ ಸಲ ಮಕ್ಕಳ ವೈದ್ಯರ ಬಳಿಗೆ ಕರೆದೊಯ್ಯುವಾಗ ನಾಯಿಯ ಲಸಿಕೆ ಪುಸ್ತಕವನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಿ ಕೇಳಿ.